ದೀಪ ಹಿಡಿದವರ ಆಯಾಸ

2020ನೇ ಇಸವಿಯನ್ನು ವಿಶ್ವ ಆರೋಗ್ಯ ಸಂಸ್ಥೆ ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ ಇನ್ನೂರು ವರ್ಷ ತುಂಬುವ ನೆನಪಿಗೆ. ಸಮಾರಂಭಕ್ಕೆ ಮುಂಚೆ ಕೊರೋನಾ ಬಂತು. ಮಾರ್ಚ್ 22ರ ಸಂಜೆ ಐದು ಗಂಟೆಗೆ ದೆಹಲಿಯ ಬಾಲ್ಕನಿಗಳಲ್ಲಿ ನಿಂತು ನಾವೆಲ್ಲ ತಟ್ಟೆ ಬಡಿದೆವು. ನೀವು ಅದನ್ನು ಮೊಬೈಲಿನಲ್ಲಿ ಸೆರೆಹಿಡಿದದ್ದು ನೆನಪಿರಬಹುದು. ಎರಡೇ ದಿನ ಕಳೆದು, ಮಾರ್ಚ್ 24ರಂದು, ದೆಹಲಿ ಸರ್ಕಾರ ಆಜ್ಞೆ ಹೊರಡಿಸಬೇಕಾಯಿತು: ವೈದ್ಯರನ್ನೂ ದಾದಿಯರನ್ನೂ ಬಾಡಿಗೆ ಮನೆಯಿಂದ ಹೊರಹಾಕುವ ಮಾಲೀಕರ ಮೇಲೆ ಕ್ರಮ ಕೈಗೊಳ್ಳಿ ಎಂದು! ತಟ್ಟೆ ಬಡಿದ ಕೈಗಳೇ ಬಾಗಿಲು ಹಾಕಿದವೋ ಏನೋ.

ಒಳಗಿನ ಕೆಲಸ ಹೇಗಿತ್ತು? ತಲೆಯಿಂದ ಕಾಲಿನವರೆಗೆ ಮುಚ್ಚುವ ಪಿಪಿಇ ಕಿಟ್ ಒಮ್ಮೆ ತೊಟ್ಟರೆ ಪಾಳಿ ಮುಗಿಯುವ ತನಕ ನೀರು ಕುಡಿಯುವಂತಿಲ್ಲ, ಶೌಚಕ್ಕೆ ಹೋಗುವಂತಿಲ್ಲ. ಅನೇಕರು ಡೈಪರ್ ಕಟ್ಟಿಕೊಂಡು ದುಡಿದರು. ದೆಹಲಿಯ ಜೂನ್ ಸೆಕೆ ಹೇಗಿರುತ್ತದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಆ 2020ರ ಜೂನ್‌ನಲ್ಲಿ ಏಮ್ಸ್ ದಾದಿಯರ ಸಂಘ ಪ್ರತಿಭಟನೆಗಿಳಿದು ಕೇಳಿದ್ದರಲ್ಲಿ ಮುಖ್ಯವಾದದ್ದು, ಪಿಪಿಇ ತೊಟ್ಟು ಮಾಡುವ ಪಾಳಿ ನಾಲ್ಕು ಗಂಟೆಗೆ ಮೀರಬಾರದು ಎಂಬುದು. ಇದನ್ನೂ ಬೀದಿಗಿಳಿದು ಕೇಳಬೇಕೇ?

ನಂತರ ಎರಡನೇ ಅಲೆ. 2021ರ ಏಪ್ರಿಲ್ 20ರಂದು ದೆಹಲಿಯಲ್ಲಿ ಒಂದೇ ದಿನ 28,395 ಹೊಸ ಪ್ರಕರಣಗಳು. ಮೇ 1ರಂದು ಬಾತ್ರಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು 12 ಮಂದಿ ತೀರಿಕೊಂಡರು. ಅವರಲ್ಲಿ ಒಬ್ಬರು ಅಲ್ಲಿಯದೇ ವೈದ್ಯರು. ಮರುದಿನವೇ ನಮ್ಮ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಅದೇ ಗೋಳು, 24 ಸಾವು. ಬಂಧುಗಳಿಗೆ ಒಳಗೆ ಪ್ರವೇಶವಿರಲಿಲ್ಲ. ಸಾಯುವವರ ಕೈ ಹಿಡಿದದ್ದು, ವಿಡಿಯೊ ಕರೆಯಲ್ಲಿ ಮಕ್ಕಳ ಮುಖ ತೋರಿಸಿದ್ದು ಬಹುಪಾಲು ದಾದಿಯರೇ. ಆಮೇಲೆ ಮುಂದಿನ ಹಾಸಿಗೆಗೆ ನಡೆಯಬೇಕು.

ಇದರಿಂದ ಬರುವ ಬಳಲಿಕೆ ಬೇರೆ, ಖಿನ್ನತೆ ಬೇರೆ. ಕೆಲಸದಿಂದ ಬಸವಳಿದು, ಅದರ ಬಗ್ಗೆಯೇ ಜಿಗುಪ್ಸೆ ಹುಟ್ಟುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 'ಬರ್ನ್‌ಔಟ್' ಎಂದು ಗುರುತಿಸುತ್ತದೆ; ಆದರೆ ರೋಗವೆಂದು ಕರೆಯುವುದಿಲ್ಲ. ಖಿನ್ನತೆ ಮಾತ್ರ ರೋಗ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿ, ನಿದ್ದೆ ಊಟ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆನಿಸಿದರೆ ರಜೆ ಹಾಕಿದ ಮಾತ್ರಕ್ಕೆ ಹೋಗದು, ಚಿಕಿತ್ಸೆ ಬೇಕು. ನಮ್ಮ ಮನೆಗಳಲ್ಲಿ ಇದಕ್ಕೆ "ಸ್ವಲ್ಪ ಸುಸ್ತು" ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳಾದ್ದರಿಂದ ನೈಟಿಂಗೇಲಳ ವಿಷಯಕ್ಕೆ ಮತ್ತೆ ಬರುತ್ತೇನೆ. ಲಾಂಗ್‌ಫೆಲೋ ಕವಿ 1857ರಲ್ಲಿ ಪದ್ಯ ಬರೆದು ಆಕೆಯನ್ನು ದೀಪಧಾರಿಣಿಯಾಗಿ ಅಮರಳನ್ನಾಗಿಸಿದ. ಅದೇ ವರ್ಷ ಆಕೆ, ಕ್ರಿಮಿಯಾ ಯುದ್ಧದಿಂದ ಮರಳಿದ ಮರುವರ್ಷ, ಹಾಸಿಗೆ ಹಿಡಿದಿದ್ದಳು. ಮುಂದೆ ಎಷ್ಟೋ ವರ್ಷ ಕೋಣೆ ಬಿಟ್ಟು ಹೊರಬಂದದ್ದು ಅಪರೂಪ. ಪಠ್ಯಪುಸ್ತಕ ನಮಗೆ ದೀಪವನ್ನಷ್ಟೇ ತೋರಿಸಿತು.

ಇನ್ನೊಂದು ಸಂಗತಿ ಹೊರನಾಡಿನ ಕನ್ನಡಿಗರಾದ ನಮಗೆ ಹೆಚ್ಚು ತಟ್ಟಬೇಕು. 2021ರ ಜೂನ್ 5ರಂದು, ಎರಡನೇ ಅಲೆ ಇಳಿಯುತ್ತಿದ್ದ ಹೊತ್ತಿನಲ್ಲಿ, ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆ ತನ್ನ ದಾದಿಯರಿಗೆ ಸುತ್ತೋಲೆ ಕಳಿಸಿತು: ಹಿಂದಿ ಅಥವಾ ಇಂಗ್ಲಿಷ್ ಮಾತ್ರ ಆಡಬೇಕು, ಮಲಯಾಳಂ ಕೂಡದು. ಗದ್ದಲವಾಗಿ ಮರುದಿನವೇ ಹಿಂತೆಗೆದುಕೊಂಡರು. ರೋಗಿಯ ಮುಂದೆ ರೋಗಿಗೆ ತಿಳಿಯುವ ಭಾಷೆ ಬೇಕು ಎಂಬುದು ನ್ಯಾಯವೇ. ಆದರೆ ಪಾಳಿಯ ನಡುವೆ ಗೆಳತಿಯೊಡನೆ ಅಮ್ಮನ ಭಾಷೆಯಲ್ಲಿ ಎರಡು ಮಾತಾಡಿ ಎದೆ ಹಗುರ ಮಾಡಿಕೊಳ್ಳುವುದೂ ತಪ್ಪೇ? ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ ಆಡಿ ಬೆಳೆದ ನಿಮಗೆ ಇದರ ಬೆಲೆ ಗೊತ್ತು.

ನಿಮ್ಮ ಅಕ್ಕನೋ ಗೆಳತಿಯೋ ಗುಡಗಾಂವ್, ನೋಯಿಡಾದ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡುತ್ತಿರಬಹುದು. "ಹೇಗಿದ್ದೀ" ಎಂದರೆ "ಚೆನ್ನಾಗಿದ್ದೀನಿ" ಎಂದೇ ಉತ್ತರ ಬರುತ್ತದೆ. ಎಷ್ಟು ನಿದ್ದೆ ಮಾಡಿದೆ, ಊಟ ಯಾವಾಗ ಮಾಡಿದೆ ಎಂದು ಕೇಳಿ ನೋಡಿ. ಅವಳು ಮನೆಯವರಿಗೆ ಹೇಳಲಾರಳು ಅನ್ನಿಸಿದರೆ 14416 ಸಂಖ್ಯೆ ಕೊಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಅದು; ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲಿರುಳೂ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ. ಅಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಕನ್ನಡವೂ ಇದೆ.