ಕ್ಷಾರಾಮ್ಲವಿಚಾರ

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ೧೧ನೆಯದು ಕ್ಷಾರಪಾಕವಿಧಿಯ ಅಧ್ಯಾಯ. ಅಲ್ಲಿ ಒಂದು ಶಂಕೆಯು ಎತ್ತಲ್ಪಟ್ಟಿದೆ. ಕ್ಷಾರವು ಅಗ್ನಿಯಂತೆ ಸುಡತಕ್ಕದ್ದು, ಆಮ್ಲವೂ ತೀಕ್ಷ್ಣವೇ. ಹೀಗಿರಲು ಕ್ಷಾರದಿಂದ ಬೆಂದ ವ್ರಣವು ಆಮ್ಲಲೇಪದಿಂದ ಶಾಂತವಾಗುವುದೆಂತು? ಆಮ್ಲದೊಡನೆ ಕೂಡಿದ ಕ್ಷಾರವು ತೀಕ್ಷ್ಣತೆಯನ್ನು ತೊರೆದು ಮಾಧುರ್ಯವನ್ನು ಹೊಂದಿ, ನೀರು ಬಿದ್ದ ಬೆಂಕಿಯಂತೆ ಆರುವುದೆಂದು ಗ್ರಂಥದ ಸಮಾಧಾನ. ಈ ಮಾಧುರ್ಯವನ್ನು ಸಕ್ಕರೆಯ ಸಿಹಿಯೆಂದು ತಿಳಿಯಬಾರದು. ಸೌಮ್ಯತೆಯೆಂದು ಗ್ರಹಿಸುವುದೇ ಯುಕ್ತ.

ಈ ವಾಕ್ಯಾರ್ಥವನ್ನು ಪ್ರತ್ಯಕ್ಷವಾಗಿ ಕಾಣಬೇಕೆಂಬವರು ಮಳೆಗಾಲದ ಆರಂಭದಲ್ಲಿ ಕೊಪ್ಪ ಸೀಮೆಯ ಜಯಪುರದ ಅಡಕೆತೋಟಗಳನ್ನು ನೋಡಬಹುದು. ಮಲೆನಾಡಿನ ಜಡಿಮಳೆಯಲ್ಲಿ ಎಳೆಯಡಕೆಯನ್ನು ಉದುರಿಸುವ ಕೊಳೆರೋಗಕ್ಕೆ ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಕೋಲ್ಮನ್ನರು ಈ ರೋಗವನ್ನು ಪರಿಶೋಧಿಸಿ ೧೯೧೦ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಾವನಗಳಿಂದ ಬಂದ ಬೋರ್ಡೋ ದ್ರಾವಣವು ಇಲ್ಲಿಯೂ ನೆಲೆಯೂರಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ೧೦೦ ಲೀಟರು ನೀರು: ಇದೇ ಅದರ ಪಾಕ.

ಮೈಲುತುತ್ತದ ನೀರು ಆಮ್ಲಗುಣವುಳ್ಳದ್ದು. ಅದರ ತಾಮ್ರಕಣವು ತನ್ನ ಸುತ್ತಣ ನೀರಿನ ಅಣುಗಳನ್ನು ಬಿಗಿಯಾಗಿ ಸೆಳೆಯುವುದರಿಂದ ಅವುಗಳಲ್ಲಿ ಕೆಲವು ಹೈಡ್ರೊಜನ್ ಅಯಾನನ್ನು ಬಿಟ್ಟುಕೊಡುತ್ತವೆ. ಸುಣ್ಣವಾದರೋ ನೀರಿನಲ್ಲಿ ಹೈಡ್ರಾಕ್ಸೈಡ್ ಅಯಾನುಗಳನ್ನು ಚೆಲ್ಲುತ್ತದೆ. ಶುದ್ಧೋದಕದಲ್ಲಿಯೂ ಈ ಎರಡೂ ಸಮಪ್ರಮಾಣದಲ್ಲಿ ಇದ್ದೇ ಇವೆ. ಆದರೆ ೨೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ೫೫ ಕೋಟಿ ಅಣುಗಳಲ್ಲಿ ಒಂದು ಮಾತ್ರ ಹೀಗೆ ಒಡೆದಿರುತ್ತದೆ. ಅದನ್ನೇ ಪಿಎಚ್ ೭ ಎನ್ನುವರು. ೧೯೦೯ರಲ್ಲಿ ಸೋರೆನ್ಸೆನ್ನನು ಕಲ್ಪಿಸಿದ ಈ ಮಾನದಲ್ಲಿ ಒಂದೊಂದು ಮೆಟ್ಟಿಲು ಇಳಿದಂತೆ ಆಮ್ಲತೆಯು ಹತ್ತುಮಡಿ ಏರುತ್ತದೆ. ಆಮ್ಲಕ್ಷಾರಗಳು ಕೂಡಿದಾಗ ಆ ಎರಡು ಅಯಾನುಗಳು ಸೇರಿ ನೀರಾಗುತ್ತವೆ. ಸುಶ್ರುತನು ಉಪಮಾನವಾಗಿ ತಂದ ನೀರು ಇಲ್ಲಿ ವಸ್ತುತಃ ಹುಟ್ಟುತ್ತದೆ! ಇದರಿಂದ ಪ್ರಾಚೀನರು ಅಯಾನುಗಳನ್ನು ಅರಿತಿದ್ದರೆಂದು ಸಾಧಿಸಹೊರಡುವುದು ಸಾಹಸ. ಅವರ ಅವಲೋಕನವು ನಿರ್ದುಷ್ಟವೆಂದಿಷ್ಟೇ ಸಿದ್ಧ.

ಸುಣ್ಣವು ಸಾಕಷ್ಟು ಬೆರೆತರೆ ತಾಮ್ರವು ಕರಗಿ ನಿಲ್ಲದೆ ನೀಲಿ ಗಸಿಯಾಗಿ ಬೇರ್ಪಟ್ಟು, ಗೊನೆಗೆ ಅಂಟಿ ಕಾಯುತ್ತದೆ. ಸಾಲದಿದ್ದರೆ ಕರಗಿದ ತಾಮ್ರವು ಎಳೆಯ ಭಾಗಗಳನ್ನೇ ಸುಡುತ್ತದೆ. ಆದಕಾರಣ ಉಜ್ಜಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ಪರೀಕ್ಷಿಸುವರು. ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ತೂಕ ಸಮವಾಗಿದ್ದೂ ಹೀಗಾಗುವುದುಂಟು. ಹಳೆಯ ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಮರಳಿ ಸುಣ್ಣಕಲ್ಲಿನ ಗುಣಕ್ಕೆ ತಿರುಗಿರುತ್ತದೆ, ತೂಕವಿದ್ದರೂ ವೀರ್ಯವಿಲ್ಲ. ಮರದ ಬೂದಿಯ ತಿಳಿನೀರನ್ನು ಕಾಯಿಸುವಾಗ ಸುಟ್ಟ ಸುಣ್ಣಕಲ್ಲನ್ನೇ ಹಾಕಬೇಕೆಂದು ಸುಶ್ರುತನು ವಿಧಿಸಿರುವುದರ ಮರ್ಮವೂ ಇದೇ: ಹಸಿಕಲ್ಲಿನಿಂದ ಬೂದಿನೀರು ತೀಕ್ಷ್ಣವಾಗದು.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಆಮ್ಲಕ್ಕೆ ಪ್ರತಿಯಾದುದೆಲ್ಲವನ್ನೂ ಕ್ಷಾರವೆನ್ನುವ ರೂಢಿಯು ಶಿಥಿಲವಾದುದು. ನೀರಿನಲ್ಲಿ ಕರಗಿ ಹೈಡ್ರಾಕ್ಸೈಡನ್ನು ಕೊಡುವುದು ಕ್ಷಾರ. ಕರಗಲಿ ಬಿಡಲಿ, ಆಮ್ಲವನ್ನು ಶಮನಗೊಳಿಸುವುದೆಲ್ಲ ಪ್ರತ್ಯಾಮ್ಲ. ಸುಣ್ಣದ ತಿಳಿಯು ಎರಡೂ ಹೌದು. ತಳದಲ್ಲಿ ನಿಂತ ನೀಲಿ ಗಸಿಯು ಪ್ರತ್ಯಾಮ್ಲ ಮಾತ್ರ.