ಬಸುರಿಯ ರಕ್ತಬಲವೂ ಹೆರಿಗೆಯ ಕ್ರಮವೂ

ನಮ್ಮ ಗುಂಡ್ಯವು ಶಿರಾಡಿ ಘಟ್ಟದ ಬುಡದಲ್ಲಿರುವ ಚಿಕ್ಕ ಊರು. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ಇಲ್ಲಿಂದಲೇ ಘಟ್ಟವನ್ನೇರತೊಡಗುತ್ತದೆ; ಸುಬ್ರಹ್ಮಣ್ಯದ ಹಾದಿಯೂ ಇಲ್ಲಿಯೇ ಕವಲೊಡೆಯುತ್ತದೆ. ಹಗಲಿರುಳೂ ವಾಹನಗಳ ಸದ್ದು ಕೇಳಿಬರುತ್ತಿದ್ದರೂ ಹೆರಿಗೆಯ ನೋವೆದ್ದವಳಿಗೆ ದೊಡ್ಡ ಆಸ್ಪತ್ರೆ ಸಮೀಪವಿಲ್ಲ. ಪುತ್ತೂರಿಗೆ ಸುಮಾರು 40 ಕಿಲೋಮೀಟರು. ಮಂಗಳೂರಿಗೆ ಅದರ ಇಮ್ಮಡಿ. ಮಳೆಗಾಲದಲ್ಲಿ ಗುಡ್ಡ ಜರಿದು ಘಟ್ಟದ ದಾರಿ ಕಟ್ಟುವುದೂ ಉಂಟು.

ಕಳೆದ ವರ್ಷದ ಜ್ಯೇಷ್ಠ ಮಾಸದಲ್ಲಿ ನನ್ನ ಕಿರಿಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಆಗ ಅವಳಿಗೆ ಏಳು ತಿಂಗಳು. ಮುಖ ಬಿಳಿಚಿಕೊಂಡಿತ್ತು, ನಾಲ್ಕು ಮೆಟ್ಟಲು ಹತ್ತಿದರೆ ಏದುಸಿರು. ರಕ್ತಪರೀಕ್ಷೆ ಮಾಡಿಸಲಾಗಿ ಹಿಮೊಗ್ಲೋಬಿನ್ 7.8 ಗ್ರಾಮೆಂದು ತಿಳಿಯಿತು. ಸಂಗತಿಯನ್ನು ಕೇಳಿದ ಬೀಗರು, "ರಕ್ತವಿಲ್ಲದ ಹುಡುಗಿ ನೋವು ತಾಳಲಾರಳು, ಒಳ್ಳೆಯ ನಕ್ಷತ್ರ ನೋಡಿ ಆಪರೇಷನ್ ಮಾಡಿಸಿಬಿಡೋಣ" ಎಂದು ಫೋನಿನಲ್ಲಿ ಹೇಳಿದರು. ನಾನೂ ಹೆದರಿದ್ದವನೇ. ಪಂಚಾಂಗವನ್ನು ತೆರೆದು ದಿನವನ್ನು ಗುರುತಿಸಿಯೂ ಇಟ್ಟೆನೆಂಬುದನ್ನು ಮರೆಮಾಚಲಾರೆ.

ವೈದ್ಯೆಯು ನನ್ನ ಮಾತನ್ನು ಪೂರ್ತಿ ಕೇಳಿ, "ಮಾಷ್ಟ್ರೇ, ಇರುವ ರಕ್ತವೇ ಕಡಮೆ. ಕಾರಣವಿಲ್ಲದೆ ಕೊಯ್ದು ಇನ್ನಷ್ಟನ್ನು ಏಕೆ ಕಳೆಯಬೇಕು?" ಎಂದರು. ಸಹಜವಾದ ಹೆರಿಗೆಯಲ್ಲಿ ಹೋಗುವ ರಕ್ತವು ಸಾಮಾನ್ಯವಾಗಿ ಅರ್ಧ ಲೀಟರಿನೊಳಗಿರುತ್ತದೆ; ಶಸ್ತ್ರಕ್ರಿಯೆಯಲ್ಲಿ ಅದರ ಇಮ್ಮಡಿಯವರೆಗೂ ಹೋಗಬಹುದು. ಗಾಯ ಮಾಯುವುದಕ್ಕೂ ರಕ್ತಬಲವೇ ಬೇಕು. ಆದುದರಿಂದ ರಕ್ತಹೀನತೆಯೊಂದೇ ಶಸ್ತ್ರಕ್ರಿಯೆಗೆ ಕಾರಣವಾಗತಕ್ಕದ್ದಲ್ಲ. ಮಗು ಅಡ್ಡವಾಗಿದ್ದರೆ, ಮಾಸು ಗರ್ಭದ ಬಾಯಿಗೆ ಅಡ್ಡಲಾಗಿದ್ದರೆ, ಮಗುವಿನ ಎದೆಬಡಿತ ಕುಂದಿದರೆ, ಹೆರಿಗೆ ಮುಂದುವರಿಯದೆ ನಿಂತರೆ, ಆಗ ಶಸ್ತ್ರಕ್ರಿಯೆಯೇ ಪ್ರಾಣರಕ್ಷಕವು. ರಕ್ತ ಕಡಮೆಯೆಂದು ಅದಕ್ಕೆ ಹಿಂಜರಿಯಲೂ ಕೂಡದು. ಹೊಂದುವ ರಕ್ತವನ್ನು ಮೊದಲೇ ಸಿದ್ಧಪಡಿಸಿಕೊಂಡಿರಬೇಕು, ಅಷ್ಟೆ.

ಈ ರೋಗವು ನಮಗೆ ಹೊಸತಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗಕ್ಕೆ ಒಂದು ಅಧ್ಯಾಯವೇ ಉಂಟು. ಅಲ್ಲಿ ಲೋಹದ ಔಷಧಗಳನ್ನು ವಿಧಿಸಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸಿ, ಆಹಾರದ ಕೊರತೆಯೇ ಅದರ ಮೂಲವೆಂದು ತೋರಿಸಿದಳು. ಮುಂದೆ ಫೋಲಿಕ್ ಆಮ್ಲದ ಜ್ಞಾನಕ್ಕೆ ಇದೇ ದಾರಿಯಾಯಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೇ.

ಗರ್ಭಿಣಿಯ 100 ಮಿಲಿಲೀಟರು ರಕ್ತದಲ್ಲಿ ಹಿಮೊಗ್ಲೋಬಿನ್ 11 ಗ್ರಾಮಿಗಿಂತ ಕಡಮೆಯಾದರೆ ರಕ್ತಹೀನತೆಯೆಂದು ಲೆಕ್ಕ. 7ಕ್ಕಿಂತ ಇಳಿದರೆ ಅಪಾಯಕರವು. ಅಂಥವಳ ಹೃದಯವು ಹೆರಿಗೆಯ ಶ್ರಮವನ್ನು ತಾಳದೆ ಹೋಗಬಹುದು. ಅವಳ ಹೆರಿಗೆಯು ರಕ್ತ ದೊರೆಯುವ ದೊಡ್ಡ ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು.

ನಮ್ಮ ಮಗಳಿಗೆ ಮಾತ್ರೆಗಳು ಹೊಟ್ಟೆಗೆ ಒಗ್ಗಲಿಲ್ಲ. ಹೆರಿಗೆಗೆ ಸಮಯವೂ ಹೆಚ್ಚು ಉಳಿದಿರಲಿಲ್ಲ. ಆದಕಾರಣ ಆಸ್ಪತ್ರೆಯಲ್ಲಿಯೇ ಕಣ್ಣೆದುರಿಗಿಟ್ಟುಕೊಂಡು ರಕ್ತನಾಳದ ಮೂಲಕ ಕಬ್ಬಿಣಾಂಶವನ್ನು ಕೊಟ್ಟರು. ಕೆಲವರಿಗೆ ಕೊಕ್ಕೆಹುಳುವೂ ರಕ್ತವನ್ನು ಹೀರುವುದುಂಟಾದುದರಿಂದ ಹುಳುವಿನ ಔಷಧವನ್ನೂ ಕೊಟ್ಟು, ಬರಿಗಾಲಿನಲ್ಲಿ ತೋಟಕ್ಕಿಳಿಯಕೂಡದೆಂದರು. ಮನೆಯಲ್ಲಿ ನನ್ನಾಕೆಯು ಹರಿವೆ, ನುಗ್ಗೆಸೊಪ್ಪು, ಹುರುಳಿಗಳನ್ನು ಬಿಡದೆ ಬಡಿಸಿದಳು. ಊಟದೊಡನೆ ನಿಂಬೆರಸ, ಊಟದ ಬಳಿಕ ಕಾಫಿಗೆ ನಿಷೇಧ. ಆಹಾರವು ಔಷಧಕ್ಕೆ ಸಹಾಯವೇ ಹೊರತು ಔಷಧಕ್ಕೆ ಬದಲಲ್ಲವೆಂಬುದನ್ನೂ ಅರಿತೆವು. ಆರು ವಾರಗಳಲ್ಲಿ 7.8 ಇದ್ದುದು 10.2 ಆಯಿತು.

ಇನ್ನುಳಿದುದು ಸ್ಥಳದ ಪ್ರಶ್ನೆ. ನೋವೆದ್ದ ಮೇಲೆ ಮಳೆಯ ರಾತ್ರಿಯಲ್ಲಿ ವಾಹನ ಹುಡುಕುವುದು ಬೇಡವೆಂದು, ದಿನ ತುಂಬುವ ಹತ್ತು ದಿನ ಮೊದಲೇ ಅವಳನ್ನು ಪುತ್ತೂರಿನ ಬಂಧುಗಳ ಮನೆಯಲ್ಲಿ ಇರಿಸಿದೆವು. ರಕ್ತದ ವರ್ಗವನ್ನು ಬರೆದಿಟ್ಟು, ರಕ್ತ ಕೊಡಲು ಇಬ್ಬರು ಸೋದರಳಿಯಂದಿರಿಗೆ ಹೇಳಿಟ್ಟೆವು. ಭಾದ್ರಪದದ ಒಂದು ಬೆಳಗಿನ ಜಾವ ಸಹಜವಾಗಿಯೇ ಹೆಣ್ಣು ಶಿಶು ಜನಿಸಿತು. ಮಗು ಹುಟ್ಟಿದೊಡನೆಯೇ ತಾಯಿಗೆ ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಕೊಟ್ಟರು. ಹೊಕ್ಕುಳಬಳ್ಳಿಯನ್ನು ಒಡನೆಯೇ ಕತ್ತರಿಸದೆ ಒಂದೆರಡು ನಿಮಿಷ ತಡೆದರು. ಇದರಿಂದ ಮಗುವಿಗೂ ರಕ್ತದ ಲಾಭ. ಆ ದಿನ ನಾನು ಗುರುತಿಸಿಟ್ಟಿದ್ದ ದಿನವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಗೃಹಸ್ಥರು ತಿಳಿಯಬೇಕಾದುದಿಷ್ಟೆ. ಹೆರಿಗೆಯ ಕ್ರಮವನ್ನು ಆರಿಸುವುದು ಒಂಬತ್ತನೆಯ ತಿಂಗಳ ಅವಸರದ ಕೆಲಸವಲ್ಲ. ಮೂರನೆಯ ತಿಂಗಳಿನ ರಕ್ತಪರೀಕ್ಷೆಯಿಂದಲೇ ಅದು ಆರಂಭವಾಗುತ್ತದೆ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡಾಗಿದೆ. ನಾಲ್ಕನೆಯ ತಿಂಗಳಿನಿಂದ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ, ಕಬ್ಬಿಣಾಂಶದ ಮಾತ್ರೆಯೂ ದೊರೆಯುತ್ತದೆ. ಮಾತ್ರೆಯಿಂದ ಮಲವು ಕಪ್ಪಾದರೆ ಹೆದರಬೇಕಾಗಿಲ್ಲ. ಹೊಟ್ಟೆಗೆ ಒಗ್ಗದಿದ್ದರೆ ಗುಟ್ಟಾಗಿ ಬಿಸುಡದೆ ವೈದ್ಯರಿಗೆ ತಿಳಿಸಬೇಕು.

ಆ ಪಂಚಾಂಗವನ್ನು ಮೊಮ್ಮಗಳ ನಾಮಕರಣದ ದಿನ ನೋಡುವುದಕ್ಕೆ ಮತ್ತೆ ತೆರೆದೆನು. ಅದಕ್ಕೆ ತಕ್ಕ ಕೆಲಸವೂ ಅದೇ.