ಹಳೆಯ ಮೋಟಾರುಗಳ ಬಡಿತವೂ ಮನೆಮದ್ದುಗಳೂ

ಹಳೆಯ ಮೋಟಾರು ಗಾಡಿಯು ಭಾರ ಹೊತ್ತು ಏರನ್ನು ಹತ್ತುವಾಗ ಯಂತ್ರದೊಳಗಿಂದ ಲೋಹವನ್ನು ಲೋಹದಿಂದ ತಟ್ಟಿದಂತಹ ಶಬ್ದವು ಕೇಳಿಬರುವುದುಂಟು. ಕಸುಬುದಾರರು ಇದನ್ನು ‘ನಾಕಿಂಗ್’ ಎನ್ನುವರು. ಬಡಿತವೆಂದು ಕರೆದರೆ ಅರ್ಥವು ಸ್ಪಷ್ಟವಾಗುವುದು. ಬೇಸಗೆಯಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ಮೀರುವ ಯಾದಗಿರಿ, ಶಹಾಪುರ, ಸುರಪುರಗಳಂತಹ ಸೀಮೆಯಲ್ಲಿ ಇದಕ್ಕೆ ಅವಕಾಶವು ಹೆಚ್ಚು. ಮನೆಯಲ್ಲಿ ದೊರೆಯುವ ವಸ್ತುಗಳನ್ನು ಪೆಟ್ರೋಲಿಗೆ ಬೆರಸುವುದು ಇದಕ್ಕೆ ತಕ್ಕ ಪರಿಹಾರವೇ ಎಂಬುದು ವಿಚಾರಾರ್ಹವಾದುದು.

ಕಿಡಿಯಿಂದ ಹೊತ್ತಿದ ಉರಿಯು ಸಿಲಿಂಡರಿನೊಳಗೆ ಕ್ರಮವಾಗಿ ಹರಡಬೇಕು. ಅದು ತಲಪುವ ಮೊದಲೇ ಅಂಚಿನಲ್ಲಿ ಉಳಿದ ಮಿಶ್ರಣವು ಒತ್ತಡಕ್ಕೂ ಕಾವಿಗೂ ಸಿಕ್ಕಿ ತಾನಾಗಿಯೇ ಹೊತ್ತಿ ಸಿಡಿದರೆ ಬಡಿತವುಂಟಾಗುವುದು. ಇದು ಬಹುಕಾಲ ನಡೆದರೆ ಪಿಸ್ಟನ್ನು ಬಿರಿದು ಯಂತ್ರವೇ ಕೆಡುವುದು. ಇಂಧನವು ಇದನ್ನು ತಡೆಯುವ ಶಕ್ತಿಗೆ ಆಕ್ಟೇನ್ ಸಂಖ್ಯೆಯೇ ಅಳತೆ.

1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಎಂಬವನು ಸೀಸದ ಒಂದು ಸಂಯುಕ್ತವು ಬಡಿತವನ್ನು ಅಡಗಿಸುವುದೆಂದು ಕಂಡನು. ಸೀಸವು ವಿಷವಾದುದರಿಂದ ಭಾರತದಲ್ಲಿ 2000ದಲ್ಲಿ ಅದರ ಬಳಕೆಯು ನಿಂತಿತು. ಮದ್ಯಸಾರಕ್ಕೂ ಇದೇ ಗುಣವುಂಟು. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಂಪನಿಯು ಕಾಕಂಬಿಯಿಂದ ಮದ್ಯಸಾರವನ್ನು ತಯಾರಿಸಿತು. ಅದನ್ನು ಪೆಟ್ರೋಲಿಗೆ ಬೆರಸುವ ಕುರಿತು 1948ರಲ್ಲಿ ದೇಶದಲ್ಲಿ ಒಂದು ಕಾನೂನೇ ಹುಟ್ಟಿತು. 2025ರ ವೇಳೆಗೆ ಶೇಕಡಾ 20ರ ಮಿಶ್ರಣವು ರೂಢಿಗೆ ಬಂದಿತು.

ಇನ್ನು ಮನೆಮದ್ದುಗಳ ವಿಚಾರ. ಸೀಮೆಎಣ್ಣೆಯ ಆಕ್ಟೇನ್ ಸಂಖ್ಯೆಯು ಪೆಟ್ರೋಲಿಗಿಂತ ಬಹಳ ಕಡಿಮೆಯಾದುದರಿಂದ ಅದು ಬಡಿತವನ್ನು ಹೆಚ್ಚಿಸುವುದೇ ಹೊರತು ತಗ್ಗಿಸದು. ಡಾಂಬರು ಗುಳಿಗೆಯು ಪೆಟ್ರೋಲಿನಲ್ಲಿ ಕರಗುವುದಾದರೂ, ಪೆಟ್ರೋಲು ಆರಿದೆಡೆಯಲ್ಲಿ ಮರಳಿ ಹರಳುಗಟ್ಟಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಬಲ್ಲುದು. ಸಾಮಾನ್ಯ ಸ್ಪಿರಿಟ್ಟಿನಲ್ಲಿ ಸ್ವಲ್ಪ ನೀರು ಇದ್ದೇ ಇರುವುದು. ನೀರು ಹೆಚ್ಚಾದರೆ ಅದು ಮದ್ಯಸಾರವನ್ನು ಕೂಡಿಕೊಂಡು ಟ್ಯಾಂಕಿನ ತಳದಲ್ಲಿ ಬೇರೆ ಪದರವಾಗಿ ನಿಲ್ಲುವುದು. ಹಳೆಯ ರಬ್ಬರು ಕೊಳವೆಗಳಿಗೂ ಮದ್ಯಸಾರವು ಹಿತವಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಅಂಶವೊಂದುಂಟು. ಅಂಬಾಸಿಡರ್ ಮೊದಲಾದ ಹಳೆಯ ಕಾರುಗಳು ಮಿಶ್ರಣವನ್ನು ಒತ್ತುವ ಪ್ರಮಾಣವು ಕಡಿಮೆ. ಅವು ಇಂದಿನ ಪೆಟ್ರೋಲಿಗಿಂತ ಕಡಿಮೆ ಆಕ್ಟೇನಿನ ಇಂಧನದಲ್ಲಿಯೇ ಓಡಿದಂಥವು. ಆದುದರಿಂದ ಅವು ಈಗ ಬಡಿದರೆ ದೋಷವು ಸಾಮಾನ್ಯವಾಗಿ ಯಂತ್ರದಲ್ಲಿರುವುದು. ಕಿಡಿಯು ಹೊತ್ತಿಗೆ ಮುಂಚೆ ಹಾರುತ್ತಿರಬಹುದು, ಒಳಗೆ ಇಂಗಾಲದ ಕಿಟ್ಟವು ಕಟ್ಟಿರಬಹುದು, ರೇಡಿಯೇಟರು ಮುಚ್ಚಿಹೋಗಿರಬಹುದು, ಇಲ್ಲವೆ ಪೆಟ್ರೋಲಿನಲ್ಲಿಯೇ ಕಲಬೆರಕೆಯಿರಬಹುದು. ಹೀಗಾಗಿ ಬಡಿತವು ರೋಗವಲ್ಲ, ರೋಗದ ಲಕ್ಷಣ. ಮನೆಮದ್ದಿನಿಂದ ಶಬ್ದವು ಒಮ್ಮೆ ಅಡಗಿದರೂ ಕಾರಣವು ಒಳಗೇ ಉಳಿಯುವುದು. ಅದನ್ನು ಕಂಡು ತಿದ್ದುವುದೇ ನಿಜವಾದ ಚಿಕಿತ್ಸೆ.